ನವಮಿಯ ಹಿಂದಿನ ದಿನ

ನಾಲ್ಕು ಜನಕ್ಕೂ ಒಂದೇ ಸಾಲಿನಲ್ಲಿ ಕುರ್ಚಿ ಸಿಕ್ಕಿದ್ದು ತನ್ನದೇ ಸಾಧನೆ ಎನ್ನುವ ಹಾಗೆ ಶ್ರೀಕಾಂತ್ ಕೂತಿದ್ದ. ಈ ತುದಿಗೆ ಅವನು, ಅವನ ಮಗ್ಗುಲಿಗೆ ಅವನ ತಾಯಿ ಭೀಮಾಬಾಯಿ, ಆಮೇಲೆ ಮಗಳು ವಿಭಾ, ಆ ತುದಿಗೆ ಹೆಂಡತಿ ರಂಜನಿ. ವೀಸಾ ಕೇಂದ್ರದ ಒಳಗೆ ಮೈ ನಡುಗಿಸುವ ತಂಪು. ಗಾಜಿನ ಆಚೆ ಚೆನ್ನೈಯ ಬಿಸಿಲಿನಲ್ಲಿ ಒಂದು ಹೊಂಗೆಮರ ನಿಂತಿತ್ತು, ರಂಜನಿ ಅದನ್ನು ನೋಡುತ್ತಿದ್ದಳು. ಮರ ಕಂಡರೆ ಅವಳ ಕಣ್ಣು ಎಲೆಗೆ ಹೋಗುವುದಿಲ್ಲ, ಹೂವಿಗೂ ಹೋಗುವುದಿಲ್ಲ. ತೊಗಟೆಗೆ ಹೋಗುತ್ತದೆ, ಬೂದುಬಣ್ಣದ ಕಲ್ಲುಹೂ ಎಲ್ಲಾದರೂ ಹತ್ತಿದೆಯೇ ಎಂದು ತಡಕುತ್ತದೆ. ಅಡಿಗೆಮನೆಯ ಡಬ್ಬಿಯಲ್ಲಿ ಮಸಾಲೆಯಾಗಿ ಕೂತಿರುವ ಕಲ್ಲುಹೂವಿನ ದಾಯಾದಿಗಳೇ ಮರದ ಮೇಲೂ ಇರುವುದು. ಬೇರಿಲ್ಲದ ಜೀವ, ಗಾಳಿಯನ್ನು ನಂಬಿ ಬದುಕುತ್ತದೆ, ಗಾಳಿ ಕೆಟ್ಟ ಕಡೆ ಹೇಳದೆ ಕೇಳದೆ ಹೊರಟುಹೋಗುತ್ತದೆ. ಮಹಿಳಾ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುವ ರಂಜನಿ, ಎಣ್ಣೆ ಕಾರ್ಖಾನೆಗಳ ಹೊಗೆಯ ಮಣಲಿಯ ಸುತ್ತಿನ ಬೇವು, ಹುಣಿಸೆ, ಹೊಂಗೆಗಳ ಮೈಯನ್ನು ವರ್ಷಗಟ್ಟಲೆ ಭೂತಗನ್ನಡಿ ಹಿಡಿದು ನೋಡಿದ್ದಾಳೆ. ಎಲ್ಲಿ ಏನೂ ಇಲ್ಲ, ಎಲ್ಲಿಂದ ಮುಂದೆ ಇರಲು ಶುರುವಾಗುತ್ತದೆ ಎಂಬುದೇ ಅವಳು ಕಂಡುಕೊಂಡಿದ್ದು. ವಿಯೆನ್ನಾದಲ್ಲಿ ನಡೆಯುವ ಸಮ್ಮೇಳನದ ಕೊನೆಯ ದಿನ, ಶನಿವಾರ ಬೆಳಿಗ್ಗೆ, ಅದನ್ನು ನಿಂತು ಹೇಳಲು ಅವಳಿಗೆ ಕಾಲು ಗಂಟೆ ಕೊಟ್ಟಿದ್ದರು. ಇಪ್ಪತ್ತು ವರ್ಷದ ಪಾಠದಲ್ಲಿ ಅವಳನ್ನು ಅಷ್ಟು ದೂರದಿಂದ ಯಾರೂ ಕರೆದಿರಲಿಲ್ಲ.

ಮನೆಯಲ್ಲಿ ಆ ಕೆಲಸಕ್ಕೆ ಮರದ ಕಜ್ಜಿ ಎಂದು ಹೆಸರು. ಇಟ್ಟವರು ಮಾವ. ಮಾವ ಪಂಢರಿನಾಥರಾಯರು ಬಂದವರ ಮುಂದೆಲ್ಲ, "ನಮ್ಮ ಸೊಸೆ ಡಾಕ್ಟರು, ಆದರೆ ಮರಕ್ಕೆ ಕಜ್ಜಿ ಆದರೆ ಮಾತ್ರ ನೋಡ್ತಾಳೆ" ಅನ್ನುವರು. ಬಂದವರು ನಗುವರು. ರಂಜನಿ ಕಾಫಿ ತಟ್ಟೆ ಹಿಡಿದು, ಅದೇ ಹೊಸದಾಗಿ ಕೇಳಿದವಳಂತೆ ನಗುವಳು. ಆ ನಗು ಮುಖದ ಮೇಲೆ ಎಷ್ಟು ಕಾಲ ಕೂತಿತ್ತೆಂದರೆ, ಮಾವ ತೀರಿಹೋದ ದಿನ ಅಳಲು ಹೊರಟಾಗಲೂ ಮುಖ ಮೊದಲು ಆ ಕಡೆಗೇ ತಿರುಗಿ, ಆಮೇಲೆ ನೆನಪು ಮಾಡಿಕೊಂಡು ಹಿಂದಕ್ಕೆ ಬಂದಿತ್ತು. ಅದನ್ನು ಅತ್ತೆ ನೋಡಿದ್ದರು ಎಂಬ ಅನುಮಾನ ಅವಳಿಗೆ ಇವತ್ತಿಗೂ ಹೋಗಿಲ್ಲ. ಭೀಮಾಬಾಯಿ ನೋಡುವುದು ಹೆಚ್ಚು, ಹೇಳುವುದು ಕಡಿಮೆ.

ಸಮ್ಮೇಳನದಿಂದ ಕರೆ ಬಂದ ಸುದ್ದಿಯನ್ನು ಅವಳು ಊಟದ ಹೊತ್ತಿನಲ್ಲಿ ಹೇಳಿದಾಗ ಶ್ರೀಕಾಂತ್ ತಟ್ಟೆಯಿಂದ ತಲೆ ಎತ್ತಿ, ಬಹಳ ಸಂತೋಷದಿಂದ, "ಹಾಗಾದರೆ ನಾವೆಲ್ಲರೂ ಹೋಗೋಣ" ಅಂದಿದ್ದ. ಬೇಡ ಅನ್ನಲು ಅದರಲ್ಲಿ ಜಾಗವೇ ಇರಲಿಲ್ಲ. ಒಳ್ಳೆಯತನದಿಂದ ಒಬ್ಬರ ಬಾಯಿ ಕಟ್ಟುವ ವಿದ್ಯೆ ಅವನಿಗೆ ಅಪ್ಪನಿಂದ ಬಂದದ್ದು. ದಿನ ಕಳೆದ ಹಾಗೆ ಪ್ರವಾಸ ಬೆಳೆಯಿತು, ಸಮ್ಮೇಳನ ಸವೆಯಿತು. ಮೂರು ದಿನದ್ದು ಎಂದರೆ, "ಮಿಕ್ಕವರು ಹೇಳೋದನ್ನ ನೀನು ಯಾಕೆ ಕೇಳ್ತಾ ಕೂರಬೇಕು, ನಿನ್ನದಿರೋ ದಿನ ಹೋಗಿ ಬಾ ಸಾಕು" ಎಂದ. ಗುರುವಾರ ಸಾಲ್ಜ್‌ಬರ್ಗ್, ಶುಕ್ರವಾರ ಸರೋವರ. ವಿಭಾ ಯಾವ ಸೇತುವೆಯ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳಬೇಕು ಎಂಬುದನ್ನು ಕೂಡ ಆರಿಸಿಟ್ಟಳು. ಭೀಮಾಬಾಯಿ ಒಂದೇ ಮಾತು ಕೇಳಿದ್ದರು: "ಅಲ್ಲಿ ನದಿ ಇದೆಯಾ?" ಇದೆ ಅಂದ ಮೇಲೆ, ಯಾವ ನದಿಯಾದರೂ ಅವಳು ತಾಯಿಯೇ ಎಂದು ಕಣ್ಣುಮುಚ್ಚಿ ಕೈಮುಗಿದು, ಹುರಿದ ಅವಲಕ್ಕಿ ಎಷ್ಟು ಬೇಕಾಗಬಹುದು ಎಂಬ ಯೋಚನೆಗೆ ಇಳಿದರು.

"ಇನ್ನುಂ ಎವ್ವಳವು ನೇರಂ ಪಾ?" ವಿಭಾ ಫೋನಿನಿಂದ ತಲೆ ಎತ್ತದೆ ಕೇಳಿದಳು. ಇನ್ನೂ ಎಷ್ಟು ಹೊತ್ತು. ಅವಳು ಅಪ್ಪನನ್ನು ಕೇಳುತ್ತಾಳೆ, ಯಾವಾಗಲೂ ಅಪ್ಪನನ್ನೇ, ತಮಿಳಿನಲ್ಲೇ. ಕನ್ನಡ ಅವಳಿಗೆ ಗೊತ್ತು, ಅಜ್ಜಿ ಬೈದರೆ ಪೂರ್ತಿ ಅರ್ಥವಾಗುತ್ತದೆ.

"ಬರತ್ತೆ ಕಣೇ, ಟೋಕನ್ ಬರತ್ತೆ," ಎಂದ ಶ್ರೀಕಾಂತ್, ಮಡಿಲಲ್ಲಿದ್ದ ನಾಲ್ಕು ಫೈಲುಗಳನ್ನು ಮತ್ತೊಮ್ಮೆ ತಟ್ಟಿ ಸರಿಮಾಡುತ್ತ. ಆ ತಟ್ಟುವಿಕೆಯನ್ನು ರಂಜನಿ ದ್ವೇಷಿಸಿದಳು. ಅವನ ಬೆರಳುಗಳು ಶುಭ್ರವಾಗಿದ್ದುದನ್ನೂ ದ್ವೇಷಿಸಿದಳು. ಒಬ್ಬ ಮನುಷ್ಯ ಯಾವ ತಪ್ಪೂ ಮಾಡದೆ ಇಷ್ಟು ಅಸಹ್ಯವಾಗಬಹುದೇ ಎಂದು ತನ್ನನ್ನೇ ಕೇಳಿಕೊಂಡು, ಉತ್ತರ ಬರುವ ಮೊದಲೇ ಮತ್ತೆ ಹೊಂಗೆಯ ಕಡೆ ತಿರುಗಿದಳು.

ಆಗ ಭೀಮಾಬಾಯಿ ಬಟ್ಟೆಯ ಚೀಲಕ್ಕೆ ಕೈಹಾಕಿದರು. ಜಪಸರ ತೆಗೆಯುತ್ತಾರೆ ಎಂದುಕೊಂಡಳು ರಂಜನಿ. ಬಂದದ್ದು ಪಂಚಾಂಗ, ಮಠದ್ದು, ಅಂಚು ಮಡಿಸಿದ್ದು. ಹೊರದೇಶದಲ್ಲಿದ್ದಾಗ ಯಾವ ಯಾವ ವ್ರತ ಬೀಳುತ್ತದೆ ನೋಡಬೇಕೆಂದು ಅತ್ತೆ ಕನ್ನಡಕವನ್ನು ಮೂಗಿನ ತುದಿಗೆ ತಂದು, ತೋರುಬೆರಳನ್ನು ಸಾಲಿನಿಂದ ಸಾಲಿಗೆ ಇಳಿಸುತ್ತಿದ್ದರು. ಆ ಬೆರಳು ಎಲ್ಲಿ ನಿಲ್ಲುತ್ತದೆ ಎಂಬುದು ಈ ಕೋಣೆಯಲ್ಲಿ ಅವಳೊಬ್ಬಳಿಗೆ ಮಾತ್ರ ಗೊತ್ತಿತ್ತು. ನಿಂತಿತು.

"ಶ್ರೀಕಾಂತ, ನಿಮ್ಮಪ್ಪನ ತಿಥಿ ಯಾವತ್ತು ಅಂದೆ?"

"ಸೋಮವಾರ. ನಾವು ಭಾನುವಾರ ಬಂದು ಇಳೀತೀವಲ್ಲ ಅಮ್ಮ. ಅದನ್ನ ನೋಡಿಯೇ ಟಿಕೆಟ್ ಮಾಡಿದ್ದು."

"ಯಾವುದರಲ್ಲಿ ನೋಡಿದೆ?"

"ಗೋಡೇದು. ಹಾಲ್‌ನಲ್ಲಿರೋದು."

ಹಾಲಿನಲ್ಲಿರುವುದು ಸಿಹಿತಿಂಡಿ ಅಂಗಡಿಯವರು ಪ್ರತಿ ತೈ ತಿಂಗಳು, ಸಂಕ್ರಾಂತಿಯ ಹೊತ್ತಿಗೆ, ಕೊಡುವ ತಮಿಳು ಕ್ಯಾಲೆಂಡರ್, ದಿನಕ್ಕೊಂದು ಹಾಳೆ ಹರಿಯುವಂಥದು. ರಾಹುಕಾಲ ನೋಡಲು ಸಾಕು, ಪಿತೃಕಾರ್ಯ ನೋಡಲು ಅಲ್ಲ. ಅದರ ಲೆಕ್ಕವೇ ಬೇರೆ, ಮಠದ ಲೆಕ್ಕವೇ ಬೇರೆ, ಕೆಲವು ವರ್ಷ ಎರಡಕ್ಕೂ ನಡುವೆ ಒಂದು ದಿನ ಬೀಳುತ್ತದೆ. ಮಾವ ಬದುಕಿದ್ದಾಗ ಇಂಥ ತಪ್ಪು ಮನೆಯಲ್ಲಿ ನಡೆಯುವುದು ಸಾಧ್ಯವಿರಲಿಲ್ಲ.

"ನವಮಿ ಭಾನುವಾರವೇ ಬಂದಿದೆ," ಎಂದರು ಭೀಮಾಬಾಯಿ. ದನಿ ಏರಿರಲಿಲ್ಲ. ಪುಸ್ತಕವನ್ನು ಮುಚ್ಚಿ, ಬೆರಳನ್ನು ಒಳಗೇ ಬಿಟ್ಟುಕೊಂಡು, ಮಗನನ್ನು ನೋಡದೆ ಎದುರಿನ ಗೋಡೆ ನೋಡಿದರು. ಶ್ರಾದ್ಧಕ್ಕೆ ಹಿಂದಿನ ದಿನವೇ ಮನೆಯಲ್ಲಿರಬೇಕು. ಒಪ್ಪತ್ತು ಊಟ, ಮಡಿಗೆ ಒಣಹಾಕಿದ ಬಟ್ಟೆ, ತೊಳೆದ ಪಾತ್ರೆ. ವಿಮಾನದಿಂದ ಇಳಿದು ಚಪ್ಪಲಿ ಬಿಟ್ಟು ಪಿಂಡಕ್ಕೆ ಕೂರುವುದಲ್ಲ.

ಶ್ರೀಕಾಂತ್ ಹಣೆ ಉಜ್ಜಿಕೊಂಡ. ಆಮೇಲೆ ಅವನ ಮುಖ ತಿಳಿಯಾಯಿತು. ಆ ತಿಳಿಯಾಗುವುದನ್ನು ನೋಡುತ್ತಲೇ ರಂಜನಿಗೆ ಮುಂದಿನದು ಗೊತ್ತಾಯಿತು. "ಶುಕ್ರವಾರ ರಾತ್ರೀನೇ ಹೊರಟುಬಿಡೋಣ. ಒಂದೇ ದಿನ ತಾನೇ ಮುಂಚೆ? ಸಾಲ್ಜ್‌ಬರ್ಗ್ ಆಗೇ ಇರತ್ತೆ, ಲೇಕ್ ಆಗೇ ಇರತ್ತೆ. ಏನೂ ತಪ್ಪಲ್ಲ."

ಒಂದೇ ದಿನ. ಸರೋವರ ಉಳಿಯಿತು, ಸೇತುವೆ ಉಳಿಯಿತು, ನದಿ ಉಳಿಯಿತು. ಯಾವ ದಿನಕ್ಕಾಗಿ ಇವರೆಲ್ಲ ಸೂಟ್‌ಕೇಸು ಕೊಂಡರೋ ಆ ದಿನ ಮಾತ್ರ ಹೋಯಿತು. ಅದು ಇವನಿಗೆ ನೆನಪಿಲ್ಲದೆ ಅಲ್ಲ. ನೆನಪಾಗುವುದಕ್ಕೆ ಒಂದು ಕ್ಷಣ ಹಿಡಿಯಿತು, ಅಷ್ಟೇ.

"ಓ, ನಿನ್ನದು," ಎಂದ ಅವಳ ಕಡೆ ಬಗ್ಗಿ. "ಅದಕ್ಕೇನು, ಈಗ ಎಲ್ಲಾ ಆನ್‌ಲೈನ್. ಶನಿವಾರ ಮನೆಯಿಂದ್ಲೇ ಓದಬಹುದು. ಅಡಿಗೆಮನೆ ಕೆಲಸ ನಡುವೆ ಒಂದು ಹದಿನೈದು ನಿಮಿಷ ಬಾಗಿಲು ಹಾಕ್ಕೋ, ಯಾರೂ ಡಿಸ್ಟರ್ಬ್ ಮಾಡಲ್ಲ."

"ಅವರು ನೇರ ಬಂದವರಿಗೆ ಮಾತ್ರ ಓದಕ್ಕೆ ಬಿಡೋದು."

"ಕೇಳಿ ನೋಡಿದ್ಯಾ?"

"ಹಾಕಿದ್ದಾರೆ, ಅವರ ನಿಯಮದಲ್ಲಿ."

"ಕೇಳಿದ್ದೀಯಾ ಅಂದೆ."

ಫೋನಿನಲ್ಲಿ ಮಾತಾಡಬಾರದು ಎಂದು ಗೋಡೆಯ ಮೇಲಿತ್ತು. ಶ್ರೀಕಾಂತ್ ಬಾಯಿಗೆ ಕೈ ಅಡ್ಡ ಹಿಡಿದು ಮೊದಲು ಟಿಕೆಟ್ಟಿನವನಿಗೆ ಹೇಳಿದ, ಆಮೇಲೆ ಅಮ್ಮನ ಸಮಾಧಾನಕ್ಕೆಂದು ಮನೆಗೆ ಬರುವ ಆಚಾರ್ಯರಿಗೆ ಮಾಡಿದ. ಆಚಾರ್ಯರ ದನಿ ಯಾವ ಫೋನಿನಲ್ಲೂ ಹಿಡಿಸುವುದಿಲ್ಲ. ನಾಲ್ಕು ಕುರ್ಚಿಗೂ ಕೇಳಿಸಿತು. ನವಮಿ ಭಾನುವಾರವೇ, ಸಂದೇಹವಿಲ್ಲ. ಆದರೆ ಪರದೇಶದಲ್ಲಿ ಸಿಕ್ಕಿಕೊಂಡರೆ, ಬೇರೆ ದಾರಿಯೇ ಇಲ್ಲದಿದ್ದರೆ, ಅಮಾವಾಸ್ಯೆಯ ದಿನ ಮಾಡಲಿಕ್ಕೆ ಶಾಸ್ತ್ರ ಒಪ್ಪುತ್ತದೆ ಸ್ವಾಮಿ, ಎಂದು ಆ ದನಿ ಧಾರಾಳವಾಗಿ ಹೇಳಿತು. ಶ್ರೀಕಾಂತ್ ಫೋನ್ ಇಟ್ಟು, "ಅದೆಲ್ಲಾ ಆಗದವರಿಗೆ. ನಮಗೆ ಆಗತ್ತಲ್ಲ," ಎಂದ.

"ಅಮ್ಮಾ ಪಾವಂ ಪಾ," ಎಂದಳು ವಿಭಾ. ಅಮ್ಮ ಪಾಪ. ಹೇಳಿ ಮತ್ತೆ ಫೋನಿಗೆ ಮರಳಿದಳು, ಬೀದಿನಾಯಿಗೆ ಬಿಸ್ಕತ್ತು ಹಾಕಿ ಮುಂದೆ ಹೋದವಳಂತೆ.

ಅಮಾವಾಸ್ಯೆಯ ಮಾತು ಬಂದಾಗ ರಂಜನಿ ಅತ್ತೆಯ ಮುಖ ನೋಡಿದ್ದಳು. ಅದು ಕದಲಿರಲಿಲ್ಲ. ಪುಸ್ತಕದೊಳಗಿನ ಬೆರಳು ಇನ್ನೂ ಅಲ್ಲೇ ಇತ್ತು. ಅವಳಿಗೆ ಬೇಸಿಗೆಯ ಆ ಮಧ್ಯಾಹ್ನ ನೆನಪಾಯಿತು. ನೆನಪಾಯಿತು ಎನ್ನುವುದು ಸುಳ್ಳು, ಅದು ಅವಳನ್ನು ಬಿಟ್ಟೇ ಇರಲಿಲ್ಲ. ಟಿಕೆಟ್ ಇನ್ನೂ ಆಗಿರಲಿಲ್ಲ. ಅತ್ತೆಯ ಕಣ್ಣಿಗೆ ಹನಿ ಹಾಕಿತ್ತು, ಅಕ್ಷರ ಕಾಣದೆಂದು ಪಂಚಾಂಗವನ್ನು ಇವಳ ಕೈಗೆ ಕೊಟ್ಟು, ಪ್ರವಾಸದ ತಿಂಗಳ ಏಕಾದಶಿ ಯಾವತ್ತು ನೋಡು ಅಂದಿದ್ದರು. ನೋಡಿದಳು, ಮಂಗಳವಾರ ಎಂದು ಹೇಳಿದಳು. ಎರಡು ಸಾಲು ಮೇಲೆ ನವಮಿ ಭಾನುವಾರ ಎಂದಿತ್ತು. ತಿಥಿ ಸೋಮವಾರ ಅಂತ ಶ್ರೀಕಾಂತ್ ಹಾಲಿನಲ್ಲಿ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದ. ಹೇಳಬೇಕಾದದ್ದು ಒಂದು ಮಾತು. ನಾಲಿಗೆಯ ಮೇಲೆ ಬಂದ ಆ ಮಾತನ್ನು ಅವಳು ನುಂಗಿದಳು, ಕಹಿಯೇನೂ ಇರಲಿಲ್ಲ, ಸಲೀಸಾಗಿ ಹೋಯಿತು. ಅವನ ಅಪ್ಪ, ಅವನೇ ನೋಡಿಕೊಳ್ಳಲಿ ಎಂದುಕೊಂಡಿದ್ದಳು. ಟಿಕೆಟ್ ಆಗಿಬಿಡಲಿ, ಆಮೇಲೆ ಗೊತ್ತಾದರೂ ಏನೂ ಮಾಡಲಾಗದ ಹಾಗೆ ಆಗಲಿ ಎಂದೂ ಅಂದುಕೊಂಡಿದ್ದಳು. ಅಂದಿನಿಂದ ದೇವರ ಮನೆಯಲ್ಲಿ ದೀಪ ಹಚ್ಚುವಾಗ ಬತ್ತಿಯ ಕಡೆ ಮಾತ್ರ ನೋಡುತ್ತಾಳೆ. ಮಾವನ ಫೋಟೋ ಆ ಕೋಣೆಯ ಬಾಗಿಲ ಮೇಲಿದೆ. ಅದು ಇನ್ನೂ ಅದೇ ಹಾಸ್ಯವನ್ನು ಹೇಳುತ್ತಿದೆ, ಇವಳು ನಗುವುದನ್ನು ಕಾಯುತ್ತಿದೆ.

ಟೋಕನ್ ಕರೆದರು. ಹಿರಿಯರು ಮೊದಲು ಎಂದು ಭೀಮಾಬಾಯಿಯನ್ನು ಕರೆದರು. ಶ್ರೀಕಾಂತ್ ತಾಯಿಯ ಮೊಣಕೈ ಹಿಡಿದುಕೊಂಡು ಹೋದ. ಕೌಂಟರಿನಲ್ಲಿ ಕಾಡಿಗೆ ಹಚ್ಚಿದ ಒಬ್ಬ ಹುಡುಗಿ, ಹಸಿರು ಬೆಳಕಿನ ಗಾಜಿನ ತುಂಡು. ಅದರ ಮೇಲೆ ಬೆರಳಿಡಬೇಕು. ಇಟ್ಟರು. ಯಂತ್ರ ಒಲ್ಲೆ ಎಂದು ಕುಂಯ್‌ಗುಟ್ಟಿತು. ಒರೆಸಿಕೊಂಡು ಇಟ್ಟರು, ಮತ್ತೆ ಕುಂಯ್. ಇದ್ದಲಿಯಲ್ಲಿ ಪಾತ್ರೆ ತಿಕ್ಕಿ, ಒರಳಲ್ಲಿ ರುಬ್ಬಿ, ವರ್ಷಗಟ್ಟಲೆ ಒದ್ದೆ ಮಡಿ ಹಿಂಡಿದ ಬೆರಳುಗಳಲ್ಲಿ ಗೆರೆಗಳೇ ಉಳಿದಿರಲಿಲ್ಲ. ರಂಜನಿಯ ಎದೆಯಲ್ಲಿ ಒಂದು ಆಸೆ ಚಿಮ್ಮಿತು: ಹಿಡಿಯದೆ ಹೋಗಲಿ. ಇವರ ಬೆರಳು ಹಿಡಿಯದೆ, ವೀಸಾ ಸಿಗದೆ, ಇವರು ಇಲ್ಲೇ ಉಳಿಯಲಿ. ಇವರಿಗಾಗಿ ಇವನೂ ಉಳಿಯಲಿ. ಅಷ್ಟು ನೀಚವಾದ, ಅಷ್ಟು ಸ್ಪಷ್ಟವಾದ ಆಸೆಯನ್ನು ಅವಳು ತನ್ನಲ್ಲಿ ಹಿಂದೆ ಕಂಡಿರಲಿಲ್ಲ. ಆಗಲೇ ಕೌಂಟರಿನ ಹುಡುಗಿ ಕತ್ತು ಚಾಚಿ, "ಮೇಡಂ, ಕೊಂಜಂ ವಾಂಗ, ಪಾಟ್ಟಿ ಕೈ ಪಿಡಿಂಗ," ಎಂದು ಕರೆದಳು. ಸ್ವಲ್ಪ ಬನ್ನಿ, ಅಜ್ಜಿಯ ಕೈ ಹಿಡಿಯಿರಿ. ಶ್ರೀಕಾಂತ್ ಹಿಂದೆ ಸರಿದು, ಹಿಂಬದಿ ಖಾಲಿಯಿದ್ದ ಕುರ್ಚಿಗೆ ಹೋಗಿ ಮತ್ತೆ ಟಿಕೆಟ್ಟಿನವನಿಗೆ ಫೋನ್ ಹಚ್ಚಿದ.

ರಂಜನಿ ಅತ್ತೆಯ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. ಮನೆಯಲ್ಲಿ ಮಡಿಯ ಹೊತ್ತು ತಪ್ಪಿದರೆ ಊಟದ ಹೊತ್ತು, ಆ ಕೈಯನ್ನು ಅವಳು ಹೀಗೆ ಹಿಡಿದದ್ದೇ ಇಲ್ಲ. ಹಗುರವಾಗಿತ್ತು, ಒಣಗಿತ್ತು, ಗೋಪಿಚಂದನದ ವಾಸನೆ. ಒಂದು ಬೆರಳನ್ನು ಗಾಜಿಗೆ ಒತ್ತಿ ಹಿಡಿದಳು.

"ಆವತ್ತು ಪಂಚಾಂಗ ನಿನ್ನ ಕೈಲೇ ಕೊಟ್ಟಿದ್ದೆ," ಎಂದರು ಭೀಮಾಬಾಯಿ, ಗಾಜನ್ನು ನೋಡುತ್ತ.

ಯಂತ್ರ ಕುಂಯ್ ಎಂದಿತು.

"ಏಕಾದಶಿ ಹೇಳಿದೆ. ಅದರ ಮೇಲಿಂದು ಹೇಳಲಿಲ್ಲ."

"ನೋಡಲಿಲ್ಲ ಅತ್ತೆ."

"ನೋಡಿದೆ. ಮರದ ಮೇಲೆ ಸಾಸಿವೆ ಅಷ್ಟು ಹತ್ತಿದ್ದು ಕಾಣತ್ತೆ ನಿನಗೆ."

"ಇನ್ನೂ ಒತ್ತಿ ಮೇಡಂ," ಎಂದಳು ಹುಡುಗಿ ತಮಿಳಿನಲ್ಲಿ. ರಂಜನಿ ಒತ್ತಿದಳು, ಬೇಕಾದ್ದಕ್ಕಿಂತ ಜೋರಾಗಿ. ಉಗುರಿನ ಕೆಳಗೆ ಬೆರಳು ಬಿಳಿಚಿಕೊಂಡಿತು. ಮುದುಕಿ ಕೈ ಎಳೆದುಕೊಳ್ಳಲಿಲ್ಲ.

"ನೋಡಿದೆ," ಎಂದಳು ರಂಜನಿ. "ಅವರಪ್ಪನ ತಿಥಿ, ಅವರು ನೋಡಬೇಕಿತ್ತು."

"ಅವನು ನೋಡಲಿಲ್ಲ, ಅದು ಅವನ ದಡ್ಡತನ. ಮರೆತವರಿಗೆ ಅಮಾವಾಸ್ಯೆ ಇದೆ, ಆಚಾರ್ರು ಹೇಳಿದ್ರಲ್ಲ. ಗೊತ್ತಿದ್ದು ಬಾಯಿ ಮುಚ್ಚಿಕೊಂಡವರಿಗೆ ಯಾವ ದಿನ ಇದೆ?" ಇನ್ನೊಂದು ಬೆರಳನ್ನು ತಾವೇ ಮುಂದೆ ಮಾಡಿದರು. "ನೀನು ಹೋಗು. ಇದ್ದು ಓದಿಯೇ ಬಾ, ನನ್ನ ಅಡ್ಡಿ ಇಲ್ಲ. ಆದರೆ ನಿಮ್ಮ ಮಾವನ ಎಲೆಗೆ ಇನ್ನು ನಿನ್ನ ಕೈ ಅಡಿಗೆ ಬೇಡ. ಈ ವರ್ಷ ಅಂತಲ್ಲ."

ಹಸಿರು ದೀಪ ಹತ್ತಿತು. ಹುಡುಗಿ ಸಂತೋಷದಿಂದ ತಲೆಯಾಡಿಸಿದಳು.

ಪ್ರತಿ ವರ್ಷ ಆ ದಿನ ನಸುಕಿನಲ್ಲಿ ತಲೆಗೆ ನೀರು ಹಾಕಿಕೊಂಡು, ಒದ್ದೆ ಸೀರೆಯಲ್ಲಿ ಹೊಗೆ ಕುಡಿಯುತ್ತ, ಬಾಯಿ ಬಿಡದೆ, ರುಚಿ ನೋಡದೆ ಅಷ್ಟು ಅಡಿಗೆ ಮಾಡುವುದನ್ನು ರಂಜನಿ ಶಾಪದಂತೆ ಎಣಿಸಿದ್ದಳು. ಒಂದಲ್ಲ ಒಂದು ದಿನ ಇದು ತಪ್ಪಬೇಕು ಎಂದು ಪರೀಕ್ಷೆಯ ಉತ್ತರಪತ್ರಿಕೆಗಳ ನಡುವೆ ಕನಸು ಕಂಡಿದ್ದಳು. ತಪ್ಪಿತು. ಹಗುರಾಗುತ್ತದೆ ಎಂದು ಕಾದಳು. ಆಗಲಿಲ್ಲ. ಆ ಅಡಿಗೆಯನ್ನು ಒಂದು ವರ್ಷವೂ ಕೆಡಿಸಿರಲಿಲ್ಲ ಎಂಬುದು, ರುಚಿ ನೋಡದೆ ಹಾಕಿದ ಉಪ್ಪು ಒಮ್ಮೆಯೂ ಹೆಚ್ಚು ಕಡಿಮೆ ಆಗಿರಲಿಲ್ಲ ಎಂಬುದು, ಈಗ ಯಾರಿಗೂ ಬೇಡವಾದ ಮೇಲೆ, ಅವಳಿಗೆ ಹೊಳೆಯಿತು. ಊಟ ಮುಗಿಸಿ ಎದ್ದ ಬ್ರಾಹ್ಮಣರು ತೃಪ್ತರಾದೆವು ಎನ್ನುವಾಗ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳಲ್ಲ, ಏನನ್ನು ಕೇಳಿಸಿಕೊಳ್ಳುತ್ತಿದ್ದಳು?

ಅವಳ ಸರದಿ ಅದೇ ಕೌಂಟರಿನಲ್ಲಿ ಬಂತು. ಶ್ರೀಕಾಂತ್ ಫೈಲು ತಂದು ಮುಂದಿಟ್ಟು ಅಲ್ಲೇ ನಿಂತ. ಹುಡುಗಿ ಹಾಳೆ ತಿರುವಿ, ಸಮ್ಮೇಳನದ ಕರೆಯೋಲೆ ಕಂಡು, ಮೇಡಂ, ನೀವು ಹೋಗುವ ಮುಖ್ಯ ಕಾರಣ ಯಾವುದು ಎಂದು ಕೇಳಿದಳು. ಕುಟುಂಬದ ಪ್ರವಾಸವೋ, ಕಾನ್ಫರೆನ್ಸೋ.

"ಟೂರ್, ಟೂರ್," ಎಂದ ಶ್ರೀಕಾಂತ್. "ನಾಲ್ಕು ಜನಾನೂ ಒಟ್ಟಿಗೆ. ರಿಟರ್ನ್ ಶುಕ್ರವಾರಕ್ಕೆ ಬದಲಾಯಿಸ್ತಿದೀವಿ."

"ಕಾನ್ಫರೆನ್ಸ್," ಎಂದಳು ರಂಜನಿ.

"ರಂಜೂ."

"ನಾನು ಶನಿವಾರ ರಾತ್ರಿ ವಾಪಸು. ಇವರ ಜೊತೆ ಅಲ್ಲ."

ಹುಡುಗಿ ಇಬ್ಬರನ್ನೂ ನೋಡಿದಳು. ಶ್ರೀಕಾಂತ್ ಅವಳ ಕಡೆ ನಕ್ಕು, "ಪ್ರೊಫೆಸರ್ ಅವರು," ಎಂದ, ಥೇಟ್ ಅಪ್ಪನ ನಗು. ಆಮೇಲೆ ಹೆಂಡತಿಯ ಕಿವಿಯ ಹತ್ತಿರ ಬಗ್ಗಿದ: "ಭಾನುವಾರ ಮಧ್ಯಾಹ್ನ ನೀನು ಪೆಟ್ಟಿಗೆ ಎಳಕೊಂಡು ಬಾಗಿಲಿಗೆ ಬರೋ ಹೊತ್ತಿಗೆ ಒಳಗೆ ಎಲೆ ಹಾಕಿರತ್ತೆ. ಕೈಗೆ ನೀರು ಹಾಕಕ್ಕೆ ಹೆಂಡತಿ ಇಲ್ಲದೆ ನಾನು ಕೂತಿರ್ತೀನಿ. ಎಲ್ಲಿ ನಿಂತಿರ್ತೀಯ ನೀನು?"

"ಹೊರಗೆ," ಎಂದಳು. ಗಾಜಿನ ಮೇಲೆ ಕೈಯಿಟ್ಟಳು. ಮೊದಲ ಸಲಕ್ಕೇ ಹಸಿರು ದೀಪ ಹತ್ತಿತು.

ಮನೆಗೆ ಹೋಗುವ ಟ್ಯಾಕ್ಸಿಯಲ್ಲಿ ಶ್ರೀಕಾಂತ್ ಮುಂದೆ ಕೂತ. ಹಿಂದೆ ಎರಡು ಕಿಟಕಿಗಳಿಗೆ ಅತ್ತೆ, ಸೊಸೆ; ನಡುವೆ ವಿಭಾ. ಕೋಯಂಬೇಡಿನ ಹತ್ತಿರ ವಾಹನಗಳು ನಿಂತುಬಿಟ್ಟವು. ಮಾರುಕಟ್ಟೆಯ ಕೊಳೆತ ಸೊಪ್ಪಿನ, ಮಲ್ಲಿಗೆಯ, ಡೀಸೆಲ್ಲಿನ ವಾಸನೆ ಮುಚ್ಚಿದ ಕಿಟಕಿಯಿಂದಲೂ ಒಳಗೆ ಬಂತು. ಬಾಳೆಗೊನೆಗಳ ಲಾರಿಯೊಂದು ಪಕ್ಕದಲ್ಲಿ ನಿಂತಿತು. ಭೀಮಾಬಾಯಿ ಅದನ್ನು ನೋಡುತ್ತಿದ್ದವರು ಮೊಮ್ಮಗಳ ಮೊಣಕಾಲಿನ ಮೇಲೆ ಕೈಯಿಟ್ಟರು.

"ವಿಭಾ, ಫೋನ್ ಕೆಳಗಿಡು. ನವಮಿ ದಿನ ನೀನು ನನ್ನ ಜೊತೆ ಒಳಗಿರ್ತೀಯ. ಕಲಿತ್ಕೋ. ಅವತ್ತು ಯಾವುದಕ್ಕೂ ಮೆಣಸಿನಕಾಯಿ ಹಾಕಬಾರದು. ಬದಲು ಏನು ಹಾಕಬೇಕು?"

"ತೆರಿಯಲೆ ಪಾಟ್ಟಿ." ಗೊತ್ತಿಲ್ಲ ಅಜ್ಜಿ.

"ಮೆಣಸು. ಹೇಳು."

"ಮೆಣಸು," ಎಂದಳು ವಿಭಾ. ಬೇಜಾರಿನ ದನಿ. ಆದರೆ ಹೇಳಿದಳು, ಕನ್ನಡದಲ್ಲಿ. ಅವಳ ಬಾಯಿಂದ ಆ ಶಬ್ದ ತೊಳೆದಿಟ್ಟ ಪಾತ್ರೆಯಂತೆ ಬಂತು. ಕೌಂಟರಿನಲ್ಲಿ ರಂಜನಿಯ ಕೈಯಿಂದ ಕಳಚಿದ ಆ ಅಡಿಗೆ ನೆಲಕ್ಕೆ ಬಿದ್ದಿರಲಿಲ್ಲ. ಇಷ್ಟು ಹೊತ್ತು ಗಾಳಿಯಲ್ಲಿ ತೂಗಿ ಈಗ ಇಳಿಯುವ ಜಾಗ ಹುಡುಕಿಕೊಂಡಿತ್ತು.

"ಪಾಯಸಕ್ಕೆ?"

"ಸಕ್ಕರೆ."

"ಅಲ್ಲ. ಬೆಲ್ಲ. ಪಲ್ಯಕ್ಕೆ ಯಾವ ತರಕಾರಿ?"

ವಿಭಾ ಯೋಚಿಸಿದಳು. ನಿಜವಾಗಿ ಯೋಚಿಸಿದಳು, ಹುಬ್ಬು ಗಂಟಿಕ್ಕಿಕೊಂಡು. "ಕ್ಯಾರೆಟ್?"

ರಂಜನಿ ಕಿಟಕಿಯಿಂದ ಮುಖ ತಿರುಗಿಸದೆಯೇ, ತನಗೆ ಅರಿವಿಲ್ಲದೆಯೇ, "ಬಾಳೆಕಾಯಿ," ಎಂದಳು.

"ನಿನ್ನ ಕೇಳಲಿಲ್ಲ," ಎಂದರು ಭೀಮಾಬಾಯಿ.

ಮುಂದೆ ಕೂತಿದ್ದವನು ಕನ್ನಡಿಯಲ್ಲಿ ಒಮ್ಮೆ ನೋಡಿ ಕಣ್ಣು ತೆಗೆದ. ವಿಭಾ ಅಮ್ಮನ ಕಡೆ ತಿರುಗಲಿಲ್ಲ. "ಬಾಳೆಕಾಯಿ," ಎಂದು ಅಜ್ಜಿಗೆ ಒಪ್ಪಿಸಿದಳು. ಮುದುಕಿ ಆ ಮೊಣಕಾಲನ್ನು ಮೆಲ್ಲಗೆ ತಟ್ಟಿದರು. ಲಾರಿ ಮುಂದೆ ಸರಿಯಿತು, ಅದರ ಹಿಂದೆ ರಸ್ತೆಯ ನಡುವೆ ಉಳಿದುಕೊಂಡಿದ್ದ ಒಂದು ಹಳೆಯ ಬೇವಿನಮರ ಕಂಡಿತು. ಅದರ ಬುಡದ ಮೇಲೆ, ಸುಣ್ಣ ಬಳಿದದ್ದರಿಂದ ಒಂದು ಗೇಣು ಮೇಲೆ, ಬೂದುಬಣ್ಣದ್ದೇನೋ ಇತ್ತು. ಕಲ್ಲುಹೂವೋ, ಬರಿಯ ಧೂಳೋ. ಈ ಹೊಗೆಯಲ್ಲಿ ಇರುವುದು ಸಾಧ್ಯವಿಲ್ಲ, ಇದ್ದರೆ ಅವಳು ಓದಬೇಕಾದದ್ದೆಲ್ಲ ಸುಳ್ಳಾಗುತ್ತದೆ. ರಂಜನಿ ಕಿಟಕಿಯ ಗಾಜಿಗೆ ಹಣೆ ಒತ್ತಿ ಕಣ್ಣು ಕಿರಿದು ಮಾಡಿದಳು. ಅಷ್ಟರಲ್ಲಿ ಟ್ಯಾಕ್ಸಿ ಮುಂದಕ್ಕೆ ಹೋಯಿತು.